ಸೈರನ್ ಕೂಗಿದಾಗ ತೆರೆಯದ ಬಾಗಿಲು

ನಿಮ್ಮ ರಕ್ತದ ಗುಂಪು, ನಿಮ್ಮ ಮಗುವಿನ ಎಕ್ಸ್‌ರೇ, ನಿಮ್ಮಮ್ಮನ ಹೃದಯದ ರಿಪೋರ್ಟು ಯಾವುದೂ ಆಕಾಶದಲ್ಲಿ ತೇಲುತ್ತಿಲ್ಲ. ಕಿಟಕಿಯಿಲ್ಲದ ಒಂದು ಕಟ್ಟಡದಲ್ಲಿ, ಸಾಲು ಸಾಲು ಕಬ್ಬಿಣದ ಬೀರುಗಳೊಳಗೆ, ಬಿಸಿ ಕಾರುತ್ತ ಕೂತಿವೆ. ಅದೇ ಡೇಟಾ ಸೆಂಟರ್. ಆ ಬೀರುಗಳ ನಡುವೆ ದಿನಕ್ಕೆ ಎಂಟು ಗಂಟೆ ಒಬ್ಬ ಮನುಷ್ಯನೂ ಇರುತ್ತಾನೆ.

ನಾನು ಹೇಳಹೊರಟಿರುವ ಹೆಂಗಸು ಇಂಥ ಕಟ್ಟಡಗಳ ಆಡಿಟ್ ಮಾಡುವವರು. ಲೆಕ್ಕಪತ್ರದ ಆಡಿಟ್ ಅಲ್ಲ. ಇವರು ನೋಡುವುದು ಬ್ಯಾಟರಿ, ವೈರು, ಜನರೇಟರು, ಬಾಗಿಲು. ಐವತ್ತೆರಡು ವಯಸ್ಸು, ಮಂಡಿನೋವು, ಕೈಚೀಲದಲ್ಲಿ ಸದಾ ಒಂದು ಟಾರ್ಚು. ಯಾರು ಏನನ್ನು ‘ಸರಿ ಇದೆ’ ಎಂದರೂ ‘ಇನ್ನೊಂದ್ಸಲ ಮಾಡಿ ತೋರ್ಸಿ’ ಎನ್ನುವ ಚಾಳಿ. ಹಾಗಾಗಿ ಬೆನ್ನ ಹಿಂದೆ ಅವರ ಹೆಸರು ‘ಇನ್ನೊಂದ್ಸಲದಕ್ಕ’. ಮದುವೆಗೆ ಒಪ್ಪಿದ ಗಂಡಿಗೂ ‘ಇನ್ನೊಂದ್ಸಲ ಹೇಳಿ’ ಅಂದಿದ್ದರಂತೆ ಎಂದು ಜನ ನಗುತ್ತಿದ್ದರು.

ಆ ವರ್ಷ ಅವರು ಹೋದದ್ದು ಆಸ್ಪತ್ರೆಗಳ ದಾಖಲೆಗಳಿರುವ ಕೇಂದ್ರಕ್ಕೆ. ಒಳಕೋಣೆ ನೋಡಿಕೊಳ್ಳುತ್ತಿದ್ದ ಎಲೆಕ್ಟ್ರಿಷಿಯನ್‌ಗೆ ಎಲ್ಲರೂ ಇಟ್ಟ ಹೆಸರು ಸ್ವೆಟರ್. ಅಲ್ಲಿನ ಏಸಿ ಚಳಿಗೆ ಬೇಸಿಗೆಯಲ್ಲೂ ಅದು ಅವನ ಮೈಯಿಂದ ಇಳಿಯುತ್ತಿರಲಿಲ್ಲ.

ಅಲ್ಲಿ ಬೆಂಕಿ ಹತ್ತಿದರೆ ನೀರು ಸುರಿಯುವಂತಿಲ್ಲ. ಸೈರನ್ ಕೂಗಿದ ಮೂವತ್ತು ಸೆಕೆಂಡಿಗೆ ಛಾವಣಿಯಿಂದ ಅನಿಲ ನುಗ್ಗುತ್ತದೆ. ಬೆಂಕಿಯ ಉಸಿರು ಕಟ್ಟುತ್ತದೆ, ಒಳಗೆ ಉಳಿದವರ ಉಸಿರೂ ಕಟ್ಟುತ್ತದೆ. ಅದಕ್ಕೇ ಸೈರನ್ ಕೂಗಿದೊಡನೆ ಬಾಗಿಲಿನ ಬೀಗ ತಾನಾಗಿಯೇ ಬಿಡಬೇಕು. ಪ್ರತಿ ತಿಂಗಳೂ ಅದರ ಪರೀಕ್ಷೆ ಇರುತ್ತದೆ. ಮ್ಯಾನೇಜರ್ ಚಾಚಿದ ರಿಜಿಸ್ಟರಿನಲ್ಲಿ ತಿಂಗಳಿಗೊಂದು ಸಾಲು: ‘ಬಾಗಿಲು ತೆರೆಯಿತು.’ ಪಕ್ಕದಲ್ಲಿ ಸ್ವೆಟರ್‌ನ ಸಹಿ.

“ಎಲ್ಲಾ ಪಕ್ಕಾ ಇದೆ ಮೇಡಂ. ಬನ್ನಿ, ಕಾಫಿ ಆರ್ತಿದೆ.”

“ಆರ್ಲಿ ಬಿಡಿ. ಇನ್ನೊಂದ್ಸಲ ಮಾಡಿ ತೋರ್ಸಿ. ನಾನು ಒಳಗಿರ್ತೀನಿ.”

ಸ್ವೆಟರ್ ನಕ್ಕ. “ನಾನೂ ಬರ್ತೀನಿ ಅಕ್ಕ. ನಿಮ್ಮೊಬ್ರನ್ನೇ ಬಿಟ್ರೆ ಮೆಷಿನ್‌ಗಳು ಹೆದರ್ಕೋತವೆ.”

ಅನಿಲ ಬರದಂತೆ ಸಿಲಿಂಡರಿನ ಸಂಪರ್ಕ ತಪ್ಪಿಸಿದರು. ಸೈರನ್ ಕೂಗಿತು. ಅಕ್ಕ ಗಡಿಯಾರ ನೋಡುತ್ತ ನಿಂತರು. ಹತ್ತು ಸೆಕೆಂಡು ಕಳೆದರೂ ಬಾಗಿಲು ಮಿಸುಕಲಿಲ್ಲ. ಸ್ವೆಟರ್ ಇನ್ನೂ ನಗುತ್ತಲೇ ಹಸಿರು ಗುಂಡಿ ಒತ್ತಿದ. ಇಪ್ಪತ್ತು. ಮತ್ತೆ ಒತ್ತಿದ, ಭುಜ ಕೊಟ್ಟು ನೂಕಿದ. ಬಾಗಿಲಿನ ಗಾಜಿನಾಚೆ ಮ್ಯಾನೇಜರನ ಬಾಯಿ ಏನೋ ಹೇಳುತ್ತಿತ್ತು, ಕೇಳಿಸಲಿಲ್ಲ. ಮೂವತ್ತು.

“ಈಗ ನಾವಿಬ್ರೂ ಸತ್ತ್ವಿ,” ಎಂದರು ಅಕ್ಕ.

ಮ್ಯಾನೇಜರ್ ಸೈರನ್ ನಿಲ್ಲಿಸಿ, ಹೊರಗಿನಿಂದ ಕಾರ್ಡ್ ಉಜ್ಜಿ ಬಾಗಿಲು ತೆರೆದ. ಆಮೇಲೆ ಗೊತ್ತಾಯಿತು. ಪರೀಕ್ಷೆಯ ದಿನ ಕಟ್ಟಡದ ಬಾಗಿಲುಗಳೆಲ್ಲ ತೆರೆದುಕೊಂಡರೆ ಒಂದೊಂದನ್ನೇ ಮತ್ತೆ ಬಂದೋಬಸ್ತು ಮಾಡಬೇಕು. ಕರೆಂಟು ಇರುವವರೆಗೂ ಬಿಡದ ಬೀಗ ಅದು; ಆ ರಗಳೆ ಬೇಡವೆಂದು ಯಾವುದೋ ತಿಂಗಳು, ಸೈರನ್ ಕೂಗುವಾಗ ಅದಕ್ಕೆ ಬೇರೆ ವೈರಿನಿಂದ ನೇರ ಕರೆಂಟು ಹೋಗುವಂತೆ ಮಾಡಿದ್ದರು. ಅದನ್ನು ಕೀಳಲು ಮರೆತಿದ್ದರು. ಸೈರನ್ ಕೂಗುವಾಗ ಹಸಿರು ಗುಂಡಿ ಒತ್ತಿದರೂ ಬೀಗ ಬಿಡುವ ಪ್ರಶ್ನೆಯೇ ಇರಲಿಲ್ಲ.

“ಸಹಿ ಹಾಕಿದೋನು ನಾನೇ ಅಕ್ಕ,” ಎಂದ ಸ್ವೆಟರ್. “ಸೈರನ್ ಕೇಳಿಸ್ತಿತ್ತು. ಮೇಲಿನ ಸಾಲು ನೋಡಿ ಹಾಗೇ ಬರೀತಿದ್ದೆ.”

“ಎಲ್ಲಿ ಕೂತು ಕೇಳಿಸ್ಕೋತಿದ್ದೆ?”

“ಕಾಫಿ ರೂಮಲ್ಲಿ.”

ಮ್ಯಾನೇಜರ್ ಗೋಗರೆದ. “ಸಣ್ಣ ವಿಷ್ಯ ಮೇಡಂ. ಇವತ್ತೇ ಸರಿ ಮಾಡಿಸ್ತೀನಿ. ವರದೀಲಿ ಬೇಡ.”

“ನಿಮಗೆ ಸಣ್ಣದೇ. ನೀವು ಗಾಜಿನ ಆ ಕಡೆ ಇದ್ರಿ.”

ಅಕ್ಕ ಬರೆದರು. ಕಂಪನಿಯವರು ವೈರು ಕಿತ್ತರು. ನಾಲ್ಕು ತಿಂಗಳ ನಂತರ, ನಡುಹಗಲಲ್ಲಿ, ಒಳಗೆ ಬ್ಯಾಟರಿಯೊಂದು ಹೊಗೆಯಾಡಿತು. ಸೈರನ್ ಕೂಗಿತು, ಬೀಗ ಬಿಟ್ಟಿತು. ಹನ್ನೊಂದನೇ ಸೆಕೆಂಡಿಗೆ ಸ್ವೆಟರ್ ಹೊರಗಿದ್ದ. ಅನಿಲ ನುಗ್ಗಿ ಹೊಗೆ ಆರಿತು, ದಾಖಲೆಗಳು ಉಳಿದವು. ಆ ಹೊತ್ತಿಗೆ ಆಪರೇಷನ್ ಮೇಜಿನ ಮೇಲೆ ಮಲಗಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಆಡಿಟ್‌ನಿಂದ ಏನು ಲಾಭ ಎಂದು ಕೇಳುವವರಿದ್ದಾರೆ. ಲಾಭ ಇದು: ಏನೂ ಆಗಲಿಲ್ಲ.

ಏನೂ ಆಗದ್ದನ್ನು ನೆನಪಿಡುವವರು ಯಾರು? ಕಂಪನಿ ‘ನಮ್ಮ ವ್ಯವಸ್ಥೆಗೆ ಸಾಟಿಯಿಲ್ಲ’ ಎಂದು ಬೋರ್ಡು ಹಾಕಿತು. ಮರುವರ್ಷ ಅಕ್ಕನನ್ನು ಕರೆಯಲಿಲ್ಲ.

ಮೊನ್ನೆ ಸ್ವೆಟರ್ ಅವರಿಗೆ ಫೋನ್ ಮಾಡಿದ್ದ. “ಈ ಸಲದ ಆಡಿಟ್‌ನೋರು ಒಳಗೇ ಬರ್ಲಿಲ್ಲ ಅಕ್ಕ. ಬಾಗಿಲಿನ ಫೋಟೋ ಕಳ್ಸಿ ಅಂದ್ರು, ಮುಚ್ಚಿದ ಬಾಗಿಲಿನ ಫೋಟೋ. ಹೊಸ ಬ್ಯಾಟರಿ ಕೂರಿಸೋಕೆ ಅಂತ ಛಾವಣಿ ಬಿಚ್ಚಿದಾರೆ, ವೈರೆಲ್ಲ ಜೋತಾಡ್ತಿದೆ. ಬೀಗದ ವೈರು ಎಲ್ಲಿಗೆ ಹೋಗಿದ್ಯೋ ಗೊತ್ತಾಗ್ತಿಲ್ಲ. ಕೇಳಿದ್ರೆ, ನಿನ್ ಕೆಲ್ಸ ನೋಡ್ಕೋ ಅಂತಾರೆ.”

“ಒಳಗೆ ಹೋಗ್ಬೇಡ.”

“ಎಂಟು ಗಂಟೆ ಹೊರಗೆ ನಿಂತ್ರೆ ಕೆಲ್ಸ ಇರತ್ತಾ ಅಕ್ಕ?”

ನೀವು ಇದನ್ನು ಓದುತ್ತಿರುವಾಗ ಅವನು ಒಳಗಿದ್ದಾನೆ. ಬಾಗಿಲು ಮುಚ್ಚಿದೆ. ಅದು ತೆರೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕಂಪನಿಗೆ ಅಕ್ಕನ ಮಾತು ಬೇಡವಾಗಿದೆ, ಸ್ವೆಟರ್‌ನ ಮಾತು ಲೆಕ್ಕಕ್ಕಿಲ್ಲ. ದುಡ್ಡು ಕೊಡುವ ನಿಮ್ಮ ಆಸ್ಪತ್ರೆಯ ಮಾತನ್ನು ಅದು ಕೇಳಲೇಬೇಕು, ಆಸ್ಪತ್ರೆ ನಿಮ್ಮ ಮಾತನ್ನು ಕೇಳಲೇಬೇಕು. ನಾಳೆ ಬೆಳಿಗ್ಗೆ ಹೋಗಿ ಲಿಖಿತವಾಗಿ ಕೇಳಿ: ನನ್ನ ದಾಖಲೆ ಇರುವ ಕೋಣೆಯ ಒಳಗೆ ನಿಂತು ಸೈರನ್ ಕೇಳಿಸಿಕೊಂಡವರು ಯಾರು, ಯಾವತ್ತು, ಬಾಗಿಲು ತೆರೆಯಿತೇ? ‘ಎಲ್ಲಾ ಸರಿ ಇದೆ’ ಎಂದರೆ ಕುರ್ಚಿ ಬಿಟ್ಟು ಏಳಬೇಡಿ. ಇನ್ನೊಂದ್ಸಲ ಕೇಳಿ.