ಸುದ್ದಿ ಸೋಸುವ ಕುಮುದಾ ಮೇಡಂ

ನಾಗಪುರದ ಮಹಾಲ್ ಬಡಾವಣೆಯ ಗಲ್ಲಿಯೊಂದರ ಶಾಲೆಯಲ್ಲಿ ಕುಮುದಾ ಮೇಡಂ ಇಪ್ಪತ್ತಾರು ವರ್ಷದಿಂದ ಭೂಗೋಳ ಕಲಿಸುತ್ತಿದ್ದಾರೆ. ಮೂಲ ಊರು ಗದಗ. ಗಂಡ ಗಿರಿಧರ ಅಂಚೆ ಇಲಾಖೆಯಿಂದ ನಿವೃತ್ತರು. ಇಷ್ಟು ವರ್ಷ ಭೂಮಿ ದುಂಡಗಿದೆ ಎಂದರೆ ಯಾರೂ ತಕರಾರು ಎತ್ತಿರಲಿಲ್ಲ. ಹೋದ ವರ್ಷ ತೇಜಸ್ ಎಂಬ ಹುಡುಗ ಎದ್ದು ನಿಂತು, ಭೂಮಿ ಚಪ್ಪಟೆ, ತಾನು ವಿಡಿಯೋ ನೋಡಿದ್ದೇನೆ, ತನ್ನ ಜೊತೆ ನಲವತ್ತು ಲಕ್ಷ ಜನ ನೋಡಿದ್ದಾರೆ ಎಂದ. ಮೇಡಂ ಮೇಜಿನ ಮೇಲಿನ ಗೋಳವನ್ನು ತಿರುಗಿಸಿದರು. ಗೋಳ ತಿರುಗಿತು, ತರಗತಿ ಅಲುಗಲಿಲ್ಲ.

ಈ ಮಕ್ಕಳಿಗೆ ಮೊಬೈಲ್ ಒತ್ತುವುದನ್ನು ಕಲಿಸಬೇಕಿಲ್ಲ, ಒತ್ತುವ ಮೊದಲು ಒಂದು ಗಳಿಗೆ ನಿಲ್ಲುವುದನ್ನು ಕಲಿಸಬೇಕು ಎಂದು ಅವರಿಗೆ ಅಂದೇ ಹೊಳೆಯಿತು. ಮುಖ್ಯೋಪಾಧ್ಯಾಯಿನಿ ಚಾರುಲತಾ ಅವರ ಬೆನ್ನು ಬಿದ್ದು, ಎಂಟನೇ ತರಗತಿಗೆ ವಾರಕ್ಕೊಂದು ಪೀರಿಯಡ್ ಗಿಟ್ಟಿಸಿದರು: ಮೊಬೈಲಿಗೆ ಬರುವ ಸುದ್ದಿಯನ್ನು ಸೋಸುವ ಪಾಠ. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಎಲ್ಲಿಯದು ಎಂದು ಕೇಳದೆ ಏನನ್ನೂ ಫಾರ್ವರ್ಡ್ ಮಾಡಬಾರದು, ಮಾಡಿದವರು ಬುದ್ಧಿಯಲ್ಲಿ ಹಿಂದುಳಿದವರು. ಪೀರಿಯಡ್ ಮಾತ್ರ ಪ್ರಯೋಗಕ್ಕೆ. ಏಪ್ರಿಲಿನ ಮೊದಲ ಶನಿವಾರ ಚಾರುಲತಾ ಬಂದು ಕೂತು ನೋಡುವವರಿದ್ದರು. ಮೆಚ್ಚಿದರೆ ಮುಂದಿನ ವರ್ಷವೂ ಪಾಠ, ಇಲ್ಲವಾದರೆ ಆ ಪೀರಿಯಡ್ ಗಣಿತದ ಹೊಟ್ಟೆಗೆ.

ಅದಕ್ಕೆ ಎರಡು ದಿನ ಮುಂಚೆ, ಗುರುವಾರ ಸಂಜೆ, ನಾಗಪುರದ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಸರ್ಕಾರಿ ಆದೇಶದ ಫೋಟೋ ಬಂತು. ಬಿಸಿಲಿನ ಕಾರಣ ನಾಳೆಯಿಂದ ಜಿಲ್ಲೆಯ ಎಲ್ಲ ಶಾಲೆಗಳೂ ಬೆಳಿಗ್ಗೆ ಏಳಕ್ಕೇ ಆರಂಭ. ಹೊರಗೆ ಹೆಂಚಿನಂಥ ಬಿಸಿಲಂತೂ ಇತ್ತು. ಮರಾಠಿಯಲ್ಲೋ ಹಿಂದಿಯಲ್ಲೋ ಬಂದಿದ್ದರೆ ಮೇಡಂ ಅದರ ಕುಲಗೋತ್ರವನ್ನೆಲ್ಲ ವಿಚಾರಿಸುತ್ತಿದ್ದರು. ಇದು ಕನ್ನಡದಲ್ಲಿತ್ತು. ದಿನವಿಡೀ ಪರಭಾಷೆಯಲ್ಲಿ ಬಾಯಿ ಸವೆಸಿ ಬಂದವರಿಗೆ ಕನ್ನಡದ ಕಾಗದವೆಂದರೆ ತವರಿನ ಬುತ್ತಿ. ಬುತ್ತಿಯನ್ನು ಯಾರಾದರೂ ಮೂಸಿ ನೋಡಿ ಉಣ್ಣುತ್ತಾರೆಯೇ? ನಾಗಪುರದ ಜಿಲ್ಲಾಧಿಕಾರಿ ಕನ್ನಡದಲ್ಲಿ ಆದೇಶ ಏಕೆ ಹೊರಡಿಸುತ್ತಾರೆ ಎಂಬ ಪ್ರಶ್ನೆ ಅವರಿಗೆ ಹೊಳೆಯಲೇ ಇಲ್ಲ. ಮರಾಠಿಗೆ ತರ್ಜುಮೆ ಮಾಡಿ, ಫೋಟೋ ಸಮೇತ, ಎಂಟನೇ ತರಗತಿಯ ಪಾಲಕರ ಗುಂಪಿಗೆ ಹಾಕಿಬಿಟ್ಟರು.

ಹತ್ತು ನಿಮಿಷದಲ್ಲಿ ಉತ್ತರ ಬಂತು. ಬರೆದವಳು ಅದೇ ತರಗತಿಯ ಶ್ರೇಯಾ, ನಗರದಂಚಿನ ವಾಡಿಯಲ್ಲಿ ಲಾರಿ ಬುಕಿಂಗ್ ಮಾಡುವವರ ಮಗಳು, ಅಪ್ಪನ ಫೋನಿನಿಂದ: "ಮೇಡಂ, ನನಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಮೂಲೆಯಲ್ಲಿರುವ ತಾರೀಖು ಮೂರು ವರ್ಷ ಹಳೆಯದು. ನಮ್ಮ ಕಲೆಕ್ಟರ್ ಕನ್ನಡದಲ್ಲಿ ಬರೆಯುತ್ತಾರೆಯೇ?"

ಅಕ್ಷರ ಬಲ್ಲ ಮೇಡಂ ಅಕ್ಷರ ನೋಡಿದ್ದರು. ಅಕ್ಷರ ಬಾರದ ಹುಡುಗಿ ಅಂಕಿ ನೋಡಿದ್ದಳು.

ಗುಂಪಿನಲ್ಲಿ ಒಬ್ಬ ತಂದೆ ಗುಡುಗಿದರು: "ಟೀಚರಿಗೇ ಉಲ್ಟಾ ಮಾತು? ಇದೇ ಏನು ಹೊಸ ಪಾಠ?" ಶ್ರೇಯಾಳ ಅಪ್ಪ ಕೈಮುಗಿಯುವ ಚಿತ್ರ ಹಾಕಿ, ಹುಡುಗಿಗೆ ಬುದ್ಧಿ ಹೇಳುತ್ತೇನೆ ಎಂದು ಬರೆದರು.

"ಅಳಿಸಿಬಿಡು ಅತ್ಲಾಗ," ಎಂದರು ಗಿರಿಧರ. "ಎಲ್ಲಾರ ಫೋನಿನಿಂದನೂ ಹೋಗ್ತೈತಿ."

"ನಂದು ಹೋಗ್ತೈತ್ರೀ, ಆಕಿದು ಉಳೀತೈತಿ. ಸುಮ್ಮ ಸುಮ್ಮನ ಬಾಯಿ ಮಾಡಿದಂಗ ಕಾಣ್ತೈತಿ. ಕೇಳು ಅಂತ ಕಲಿಸಿದಾಕಿ ನಾ."

"ಹಂಗಾರ ನಾಡಿದ್ದು ನಿನ್ನ ಪೀರಿಯಡ್?"

"ಹೋದ್ರ ಹೋಗ್ಲಿ."

"ಬಾಯಿ ಹೋಗ್ಲಿ ಅಂತೈತಿ. ಮಾರಿ ಬ್ಯಾರೇನ ಹೇಳಾಕತ್ತೈತಿ."

ಮೇಡಂ ಫೋನು ಎತ್ತಿಕೊಂಡರು. ಗುಂಪಿನಲ್ಲಿ ಮರಾಠಿಯಲ್ಲಿ ಬರೆದರು: "ನಾನು ಕಳಿಸಿದ್ದು ತಪ್ಪು. ಇದು ಕರ್ನಾಟಕದ್ದು, ಹಳೆಯದು. ಶ್ರೇಯಾ ಹೇಳಿದ್ದು ಬರೋಬರ್. ಅವಳನ್ನು ಯಾರೂ ಬೈಯಬೇಡಿ."

ಶನಿವಾರ ಚಾರುಲತಾ ಕೊನೆಯ ಬೆಂಚಿನಲ್ಲಿ ಟಿಪ್ಪಣಿಯ ವಹಿ ಬಿಚ್ಚಿ ಕೂತರು. ತಯಾರಿಸಿದ್ದ ಪಾಠವನ್ನು ಮೇಡಂ ಬ್ಯಾಗಿನಲ್ಲೇ ಬಿಟ್ಟು, ತಮ್ಮ ಸಂದೇಶವನ್ನೇ ಬೋರ್ಡಿನ ಮೇಲೆ ಬರೆದರು. "ಇದನ್ನು ಕಳಿಸಿದ ಟೀಚರ್ ಎಲ್ಲೆಲ್ಲಿ ಎಡವಿದರು, ಹೇಳಿ."

ಮಕ್ಕಳಿಗೆ ಹಬ್ಬ. ತಾರೀಖು ನೋಡಿಲ್ಲ, ಮೊಹರು ನೋಡಿಲ್ಲ, ಜಿಲ್ಲೆಯ ಹೆಸರು ನೋಡಿಲ್ಲ. ತೇಜಸ್ ಎದ್ದು, "ಅವಸರ ಮಾಡಿದರು, ಮೇಡಂ," ಎಂದ. ಶ್ರೇಯಾ ಒಬ್ಬಳೇ ತಲೆ ತಗ್ಗಿಸಿ ಕೂತಿದ್ದಳು.

"ಶ್ರೇಯಾ, ನಿನಗೇನೂ ಕಾಣಲಿಲ್ಲವೇ?"

ಹುಡುಗಿ ನಿಧಾನವಾಗಿ ಎದ್ದಳು. "ನನ್ನದೂ ಒಂದು ತಪ್ಪಿದೆ. ಕಾಗದ ಹಳೆಯದು ಅಂದೆ. ಆದರೆ ಶಾಲೆಯ ವೇಳೆ ನಿಜವಾಗಿಯೂ ಬದಲಾಗಿರಬಹುದಲ್ಲ, ಅದನ್ನು ಕೇಳಿರಲಿಲ್ಲ. ಆಮೇಲೆ ದೊಡ್ಡ ಮೇಡಂಗೇ ಫೋನ್ ಮಾಡಿದೆ. ವೇಳೆ ಬದಲಾಗಿಲ್ಲ ಅಂದರು."

"ಮಾಡಿದ್ದಳು," ಎಂದರು ಚಾರುಲತಾ ಹಿಂದಿನಿಂದ. "ಅಪ್ಪ ಬೈದ ಮೇಲೂ ಮಾಡಿದ್ದಳು. ಇದನ್ನು ನೀವು ಕಲಿಸಿದ್ದೇ, ಕುಮುದಾ ಮೇಡಂ?"

"ಇಲ್ಲ, ಮೇಡಂ," ಎಂದರು ಕುಮುದಾ. ತಾವು ಕಲಿಸದೇ ಇದ್ದದ್ದನ್ನು ಹೇಳಿಕೊಳ್ಳುವಾಗ ಇಷ್ಟು ಎದೆಯುಬ್ಬುತ್ತದೆ ಎಂದು ಅವರಿಗೆ ಇಪ್ಪತ್ತಾರು ವರ್ಷ ಗೊತ್ತಿರಲಿಲ್ಲ. "ಅಲ್ಲಿಯವರೆಗೆ ಅವಳು ತಾನಾಗಿಯೇ ಹೋಗಿದ್ದಾಳೆ."

ಚಾರುಲತಾ ವಹಿ ಮುಚ್ಚಿದರು. "ಗಣಿತಕ್ಕೆ ಬೇರೆ ಪೀರಿಯಡ್ ಹುಡುಕೋಣ. ಮುಂದಿನ ವರ್ಷ ಏಳನೆಯವರಿಗೂ ಇದನ್ನು ಕಲಿಸಿ."

ಮಧ್ಯಾಹ್ನ ಮನೆಯಲ್ಲಿ ಮೇಡಂ ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿದರು. "ನಾಕು ತಪ್ಪು ತಗದ್ರು ರೀ, ನನ್ನ ಮಕ್ಕಳು."

"ನಿನ್ನ ತಪ್ಪು ನಾ ಮೂವತ್ತು ವರ್ಷದಿಂದ ತಗ್ಯಾಕತ್ತೀನಿ," ಎಂದರು ಗಿರಿಧರ. "ನನಗ ಯಾರೂ ಪೀರಿಯಡ್ ಕೊಟ್ಟಿಲ್ಲ."

"ಕೊಟ್ಟಿದ್ರ ನಪಾಸ್ ಆಗ್ತಿದ್ರಿ. ಆ ಹುಡುಗಿ ತನ್ನ ತಪ್ಪೂ ತಗದ್ಲು."