ನಿಧಾನವಾದಾಗ ಬರುವ ಸದ್ದು

ಮಾವನ ಕಾರು ಕಪ್ಪು ಬಣ್ಣದ್ದೆಂದು ನಾನು ಬಹಳ ಕಾಲ ನಂಬಿದ್ದೆ. ಈಚೆಗೆ ಅತ್ತೆ, “ಕಪ್ಪಲ್ಲ ಮಾರಾಯ, ಕಡು ಹಸಿರು. ನೀನು ಎಂತ ನೋಡಿದ್ದು?” ಎಂದು ನಕ್ಕುಬಿಟ್ಟರು. ಅಂದಿನಿಂದ ಆ ಕಾರಿನ ಕುರಿತು ನನಗೆ ಗೊತ್ತಿರುವ ಎಲ್ಲದರ ಮೇಲೂ ಅನುಮಾನ. ಅದರ ಸದ್ದಿನ ಮೇಲೆ ಮಾತ್ರ ಇಲ್ಲ.

ಐವತ್ತರ ದಶಕದ ನಡುಭಾಗ. ಮಾವ, ಅಂದರೆ ನನ್ನ ತಾಯಿಯ ಅಣ್ಣ, ಮಾಟುಂಗದಲ್ಲಿ ಹೋಟೆಲು ನಡೆಸುತ್ತಿದ್ದರು. ಭೌತಶಾಸ್ತ್ರದ ಪದವಿ ಮುಗಿಸಿದ ನಾನು, ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ನಡುವೆ, ಹೋಟೆಲಿನ ಮೇಲಿದ್ದ ಅವರ ಮನೆಯಲ್ಲಿ ತಂಗಿದ್ದೆ. ಇಂಥ ನಡುವೆಗಳು ನನ್ನ ಬದುಕಿನಲ್ಲಿ ಆಗಾಗ ಬರುತ್ತಿದ್ದವು. ಇಡೀ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಮಾವ ತನ್ನ ಖುಷಿಗೆಂದು ಕೊಂಡ ಒಂದೇ ವಸ್ತು ಆ ಹಳೆಯ ಕಾರು. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಅದರೊಳಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದರು.

ಆಯುಧಪೂಜೆ ಕಳೆದು ಕೆಲವು ದಿನಗಳಿಗೆ ಕಾರು ಸದ್ದು ಮಾಡತೊಡಗಿತು. ಒಂದಲ್ಲ, ಎರಡು ಸದ್ದು. ಬೆಳಿಗ್ಗೆ ಮೊದಲ ಸಲ ಬ್ರೇಕ್ ಒತ್ತಿದಾಗ ‘ಕೀಂ’ ಎಂಬ ಕಿರುಚು. ಇದು ಸಮುದ್ರದ ತೇವಕ್ಕೆ ಹಿಂದಿನ ಚಕ್ರಗಳ ಬ್ರೇಕಿನ ಡ್ರಮ್ಮಿನೊಳಗೆ ತುಕ್ಕು ಹಿಡಿದದ್ದು. ಗ್ಯಾರೇಜಿನವನು ಬಿಚ್ಚಿ, ಉಜ್ಜಿ, ಬ್ರೇಕ್ ಶೂಗಳನ್ನೂ ಬದಲಿಸಿದ ಮೇಲೆ ಹೋಯಿತು. ಇನ್ನೊಂದು ‘ಟಕ, ಟಕ, ಟಕ’. ಕಾರು ನಿಲ್ಲುತ್ತಾ ಬಂದಾಗಲೆಲ್ಲ ಅದು ಶುರು. ಗ್ಯಾರೇಜಿನವನು ಮತ್ತೆ ಅವೇ ಹಿಂದಿನ ಚಕ್ರಗಳನ್ನು ಬಿಚ್ಚಿದ, ಮತ್ತೆ ಕಟ್ಟಿದ. ಟಕಟಕ ಹೋಗಲಿಲ್ಲ.

ಹೋಟೆಲಿನ ಅಡಿಗೆಯ ಭಟ್ಟರು ತೆಂಗಿನೆಣ್ಣೆಯ ಡಬ್ಬ ಹಿಡಿದು ಕೆಳಗಿಳಿದರು. “ರುಬ್ಬುವ ಕಲ್ಲು ಸದ್ದು ಮಾಡಿದ್ರೆ ನಾನು ಎಂತ ಮಾಡುದು? ಎರಡು ತೊಟ್ಟು ಬಿಡುದು. ಇದಕ್ಕೂ ಅಷ್ಟೇ.”

“ಬ್ರೇಕಿಗೆ ಎಣ್ಣೆ ಹಾಕಿದ್ರೆ ಸದ್ದು ನಿಲ್ತದೆ ಭಟ್ರೇ,” ಎಂದರು ಮಾವ. “ಕಾರು ನಿಲ್ಲುದಿಲ್ಲ.”

ಅತ್ತೆಗೆ ಇದು ತಮಾಷೆಯಾಗಿರಲಿಲ್ಲ. ಭಾನುವಾರ ದಹಿಸರಿನಲ್ಲಿ ಅವರ ತಮ್ಮನ ಮನೆಯ ಗೃಹಪ್ರವೇಶ. “ಬ್ರೇಕ್ ಹಾಳಾದ ಗಾಡಿಯಲ್ಲಿ ನಾನಂತೂ ಕೂರುದಿಲ್ಲ. ಭಾನುವಾರದೊಳಗೆ ಆ ಸದ್ದು ಹೋಗದಿದ್ರೆ ಕಾರು ಮಾರಿ. ಲೋಕಲ್ ರೈಲಿನಲ್ಲಿ ನೆಮ್ಮದಿಯಾಗಿ ಹೋಗುವ.” ಮಾವ ಒಪ್ಪಿದರು. ಒಪ್ಪಿದವರು ಆ ದಿನ ಸಾರಿಗೆ ಉಪ್ಪಿಲ್ಲದ್ದನ್ನೂ ಗಮನಿಸದೆ ಉಂಡರು. ಮಲಾಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಬಿಜಾಪುರದ ವ್ಯಾಪಾರಿಯೊಬ್ಬರು ಅದೇ ಭಾನುವಾರ ಬೆಳಿಗ್ಗೆ ಕಾರು ನೋಡಲು ಬರುವುದೆಂದಾಯಿತು.

ಶನಿವಾರ ನಾನು ಮಾವನ ಪಕ್ಕ ಕೂತು, ಅವರಿಂದ ಕಾರನ್ನು ಮಾಟುಂಗದ ಉದ್ಯಾನಗಳ ಸುತ್ತ ಓಡಿಸಿದೆ. ಎಲ್ಲರೂ ಬ್ರೇಕನ್ನು ದೂರುತ್ತಿದ್ದರು. ಯಾರೂ ಬ್ರೇಕಿಲ್ಲದೆ ನಿಲ್ಲಿಸಿ ನೋಡಿರಲಿಲ್ಲ.

“ಮಾವ, ಗೇರ್ ತೆಗೆಯಿರಿ. ಬ್ರೇಕ್ ಮುಟ್ಟಬೇಡಿ. ತಾನಾಗಿ ನಿಲ್ಲಲಿ.”

ಕಾರು ಉರುಳುತ್ತಾ ನಿಧಾನವಾಯಿತು. ಸೈಕಲ್ ಸವಾರನೊಬ್ಬ ಗಂಟೆ ಬಾರಿಸಿ ನಮ್ಮನ್ನು ದಾಟಿ ಹೋದ. ಆಗ ಬಂತು: ಟಕ, ಟಕ, ಟಕ.

“ಬ್ರೇಕಲ್ಲ!” ಎಂದು ಮಾವ ಸ್ಟೇರಿಂಗ್ ಮೇಲೆ ಹೊಡೆದರು. “ಹಾಗಾದ್ರೆ ಎಂತ?”

ಜೋರಾಗಿ ಹೋದರೆ ಮೌನ, ನಿಧಾನವಾದರೆ ಸದ್ದು. ಚಕ್ರದ ನಡುವಿನ ಹೊಳೆಯುವ ಮುಚ್ಚಳಕ್ಕೆ ನಾವು ವೀಲ್ ಕಪ್ ಎನ್ನುತ್ತಿದ್ದೆವು. ಅದರೊಳಗೆ ಏನೋ ಸಡಿಲವಾಗಿದೆ, ಜೋರಾಗಿ ತಿರುಗುವಾಗ ಅದು ಅಂಚಿಗೆ ಒತ್ತಿಕೊಂಡಿರುತ್ತದೆ, ನಿಧಾನವಾದಾಗ ಉದುರಿ ಬಡಿಯುತ್ತದೆ ಎಂದು ನಾನು ಅಲ್ಲೇ ವಿವರಿಸಿದೆನೆಂದು ನನ್ನ ನೆನಪು. ಈಗ ಖಾತ್ರಿಯಿಲ್ಲ. ಕಂಡ ಮೇಲೆ ಹೊಳೆದದ್ದನ್ನು ಕಾಣುವ ಮೊದಲೇ ಹೇಳಿದೆವೆಂದು ಬರೆದುಕೊಳ್ಳುವ ಚಾಳಿ ನೆನಪಿಗೆ ಇದೆ. ನನ್ನದಕ್ಕೆ ತುಸು ಹೆಚ್ಚೇ ಇದೆ.

ಅಂತೂ ಭಾನುವಾರ ಬೆಳಿಗ್ಗೆ ಹೋಟೆಲಿನ ಹಿಂದಿನ ಅಂಗಳದಲ್ಲಿ ಸೌಟಿನ ಹಿಡಿಯಿಂದ ವೀಲ್ ಕಪ್ಪುಗಳನ್ನು ಮೀಟಿದೆವು. ಎಡಗಡೆಯ ಮುಂದಿನದರಿಂದ (ಬಲಗಡೆಯದು ಎನ್ನುತ್ತಾರೆ ಅತ್ತೆ) ಒಂದು ಅಡಿಕೆ ಉರುಳಿ ಬಂತು. ಇಡೀ ಅಡಿಕೆ, ಮೈಮೇಲೆ ಕುಂಕುಮ, ಒಂದು ಬದಿಗೆ ಒಣಗಿ ಬಿರಿದ ಗಂಧ.

ಮೇಲಿನ ಮಹಡಿಯ ಕಟಕಟೆಯಿಂದ ಅಜ್ಜಿ, ಮಾವನ ತಾಯಿ, ನೋಡುತ್ತಿದ್ದರು. “ಅದನ್ನು ಯಾಕೆ ತೆಗೆದದ್ದು? ನಾನೇ ಇಟ್ಟದ್ದು.”

“ನೀವಾ? ಅದರ ಒಳಗಾ?”

“ಮತ್ತೆ? ಪೂಜೆ ದಿನ ಆ ಬಟ್ಟಲುಗಳನ್ನೆಲ್ಲ ಹುಣಸೆಹುಳಿ ಹಾಕಿ ತಿಕ್ಕಿ ಇಲ್ಲೇ ಕವುಚಿದ್ರಲ್ಲ. ಹೊರಗೆ ಇಟ್ರೆ ನಿನ್ನ ಹೋಟೆಲಿನವರು ಅಗಿದು ಉಗಿಯುವವರು. ಗಂಧ ಮೆತ್ತಿ ಅಂಟಿಸಿದೆ. ಗಾಡಿಗೂ ನಿನಗೂ ಒಂದು ಕಾವಲು ಬೇಡವಾ?”

ಗಂಧ ಹಸಿಯಾಗಿದ್ದಷ್ಟು ದಿನ ಅಡಿಕೆ ಕೂತಿತ್ತು. ಒಣಗಿದ ಮೇಲೆ ಹೊರಟಿತ್ತು. ಪೂಜೆಯ ದಿನ ವೀಲ್ ಕಪ್ಪುಗಳನ್ನು ಬಡಿದು ಕೂರಿಸಿದವರು ಭಟ್ಟರು.

“ನಿಮಗೆ ಕಾಣಲಿಲ್ವಾ ಭಟ್ರೇ?” ಎಂದರು ಮಾವ.

“ಕಂಡಿತ್ತು. ಪೂಜೆಯದ್ದಲ್ವಾ, ಮುಟ್ಟಲಿಲ್ಲ.”

ಮಾವನ ಮುಖ ಅರಳಿತು. ಅರಳಿದ್ದು ಅಜ್ಜಿಯ ಮುಂದಿನ ಮಾತಿಗೆ ಮುದುಡಿತು. “ಮುಂದಿನ ಪೂಜೆಯವರೆಗೆ ಅದು ಅಲ್ಲೇ ಇರಬೇಕು. ತಿರುಗಿ ಇಡು.” ಇಟ್ಟರೆ ಸದ್ದು, ಸದ್ದಾದರೆ ಕಾರಿಲ್ಲ. ಇಡದಿದ್ದರೆ ಅಜ್ಜಿ ಊಟ ಬಿಡುವವರು. ಅಷ್ಟರಲ್ಲಿ ಮಲಾಡಿನ ವ್ಯಾಪಾರಿಯೂ ಗಲ್ಲಿಯ ತುದಿಯಲ್ಲಿ ಕಾಣಿಸಿದರು.

ಮಾವ ಅಡಿಕೆ ಹಿಡಿದು ನಿಂತೇ ಇದ್ದರು. ನಾನು ಗಂಧದ ಬದಲು ಅರಗು ಹಾಕುವ ಕುರಿತು ಏನೋ ಹೇಳುತ್ತಿದ್ದೆ. ಅತ್ತೆ ಮೆಟ್ಟಿಲಿಳಿದು ಬಂದರು. ಪಾತ್ರೆ ತಿಕ್ಕುವ ಕಟ್ಟೆಯಿಂದ ಹೊಸ ತೆಂಗಿನ ನಾರಿನ ಉಂಡೆ ತೆಗೆದುಕೊಂಡು, ಮಾವನ ಕೈಯಿಂದ ಅಡಿಕೆ ಕಸಿದು ಅದರ ನಡುವೆ ಹುದುಗಿಸಿ, ವೀಲ್ ಕಪ್ಪಿನೊಳಗೆ ಗಟ್ಟಿಯಾಗಿ ತುರುಕಿದರು. “ಬಡೀರಿ ಭಟ್ರೇ.” ಭಟ್ಟರು ಬಡಿದರು.

ವ್ಯಾಪಾರಿ ಮಾವನ ಜೊತೆ ಒಂದು ಸುತ್ತು ಹೋಗಿ ಬಂದು, ಇಳಿದು, ಚಕ್ರಗಳ ಕಡೆ ಬಗ್ಗಿ ಕಿವಿಗೊಟ್ಟರು. “ಏನ್ರೀ ರಾಯರ, ಗಾಡಿ ಟಕಾಟಕಾ ಅಂತೈತಿ ಅಂದಿದ್ರಲ್ರೀ? ಆ ಸಪ್ಪಳ ಹಿಡದಽ ರೇಟ್ ಮಾತಾಡೂಣು ಅಂತ ಬಂದೇನ್ರೀ ನಾ. ಎಲ್ಲೈತ್ರೀ ಅದು?”

ಮಾವ ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. “ಅವರಿಗೆ ಕಾಫಿ ಕೊಡ್ಲಿಕ್ಕೆ ಹೇಳಿ. ನಮಗೆ ಮುಹೂರ್ತಕ್ಕೆ ತಡ ಆಗ್ತದೆ.”

ಅಜ್ಜಿಯೂ ನಾನೂ ಹಿಂದೆ ಕೂತೆವು. ಮಾಹಿಮ್ ದಾಟುವವರೆಗೂ ಮಾವ, ಎಲ್ಲಿ ನಿಧಾನ ಮಾಡಬೇಕಾದರೂ, ಕಿಟಕಿಯಿಂದ ಕಿವಿ ಹೊರಗೆ ಚಾಚುತ್ತಲೇ ಇದ್ದರು. “ಸಾಕು, ತಲೆ ಒಳಗೆ ತೆಗೊಳ್ಳಿ,” ಎಂದರು ಅತ್ತೆ. “ಸ್ವಲ್ಪ ಬೇಗ ಬಿಡಿ.”