ಹಾಸಿನ ಪಕ್ಕದ ನಡಿಗೆ

ತೆಲಂಗಾಣ ರಾಜ್ಯವಾದ ವರ್ಷ ನಾನು ಚೊಚ್ಚಲ ಬಸುರಿ. ನಾರಾಯಣಪೇಟೆಯ ನಮ್ಮ ಮನೆಯಲ್ಲಿ ದಿನವಿಡೀ ಮಗ್ಗದ ಮುಂದೆ ಕೂತು ಸೀರೆ ನೇಯುತ್ತಿದ್ದೆ. ಆರನೇ ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಸಕ್ಕರೆ ಏರಿದೆ, ಊಟವಾದ ಮೇಲೆ ದಿನಾ ಅರ್ಧ ತಾಸು ನಡೆಯಬೇಕು ಎಂದರು.

ಬಸುರಿ ಹೆಂಗಸು ಸುಮ್ಮನೆ ಬೀದಿ ತಿರುಗಿದರೆ ಜನ ಏನೆಂದಾರು ಎಂದು ಅಂಜಿದೆ. ಅತ್ತೆಯೇ ದಾರಿ ಹುಡುಕಿದರು. ನಮ್ಮ ಓಣಿಯುದ್ದಕ್ಕೂ ನೇಕಾರರು ನೂಲಿನ ಹಾಸು, ಅಂದರೆ ಮಗ್ಗಕ್ಕೇರಿಸುವ ಉದ್ದನೆಯ ಎಳೆಗಳನ್ನು, ಬಿಗಿದು, ಗಂಜಿ ಹಚ್ಚಿ ಒಣಗಿಸುತ್ತಿದ್ದರು. "ಹರಿದ ಎಳಿ ಹುಡುಕ್ಕೋತ ನಡಿಯವ್ವ, ಯಾರು ಕೇಳ್ತಾರ?" ಎಂದು ತಾವೂ ಜೊತೆಗೆ ಹೊರಟರು.

ಒಂದು ದಿನ, "ನಿಮಗ ಮೊಣಕಾಲು ನೋವೈತಿ, ನೀವ್ಯಾಕ ಬರ್ತೀರಿ ಅತ್ತಿ?" ಎಂದೆ.

ಅವರು ಹರಿದ ಎಳೆಯೊಂದನ್ನು ಗಂಟು ಹಾಕಿದರು. ಆಮೇಲೆ, "ನನ್ನ ಮೊದಲ್ನೇ ಕೂಸು ಭಾಳ ದಪ್ಪ ಇತ್ತವ್ವ. ಹೆರಿಗಿ ಕಷ್ಟ ಆಗಿ ಉಳೀಲಿಲ್ಲ. ನನಗೂ ಸಕ್ಕರಿ ಇತ್ತೋ ಏನೋ, ಆಗ ಯಾರೂ ರಕ್ತ ನೋಡ್ಲಿಲ್ಲ, ನಡಿ ಅಂತ ಹೇಳ್ಲಿಲ್ಲ" ಎಂದರು.

ಆ ಕೂಸಿನ ಸುದ್ದಿ ನನ್ನ ಗಂಡನಿಗೂ ಗೊತ್ತಿರಲಿಲ್ಲ. ಅತ್ತೆಯ ಕೈ ಹಿಡಿದುಕೊಂಡೇ ಓಣಿಯ ಕೊನೆಯವರೆಗೆ ನಡೆದೆ.

ಎರಡು ತಿಂಗಳಲ್ಲಿ ಸಕ್ಕರೆ ಹತೋಟಿಗೆ ಬಂತು. ಹೆರಿಗೆ ಸುಸೂತ್ರವಾಯಿತು. ಮಗಳನ್ನು ಎತ್ತಿಕೊಂಡ ಅತ್ತೆ, ಹಾಲುಣಿಸಬೇಕೆಂದು ನರ್ಸಮ್ಮ ಎರಡು ಸಲ ಕೇಳುವವರೆಗೂ ಯಾರ ಕೈಗೂ ಕೊಡಲಿಲ್ಲ.